ಸತ್ಯಾಂಶ: ಆ ‘ರಿಪೋರ್ಟ್’ ಪೊಲೀಸರಿಗೆ ಹೋಗುವುದಿಲ್ಲ
ಲಿನಕ್ಸ್ (ವಿಂಡೋಸ್ ತರಹದ ಆಪರೇಟಿಂಗ್ ಸಿಸ್ಟಂ) ಕಂಪ್ಯೂಟರಿನಲ್ಲಿ ಕಮಾಂಡ್ ಟೈಪ್ ಮಾಡುವ ಟರ್ಮಿನಲ್‌ನಲ್ಲಿ ‘ದಿಸ್ ಇನ್ಸಿಡೆಂಟ್ ವಿಲ್ ಬಿ ರಿಪೋರ್ಟೆಡ್’ (ಈ ಘಟನೆಯನ್ನು ವರದಿ ಮಾಡಲಾಗುವುದು) ಅಂತ ಬಂದರೆ ನಿಮ್ಮ ವಿವರ ಪೊಲೀಸರಿಗೆ ಹೋಗುತ್ತದೆ, ಕೂಡಲೇ ಪ್ಲಗ್ ಕಿತ್ತುಬಿಡಿ ಅನ್ನೋ ಫಾರ್ವರ್ಡ್ ಸುಳ್ಳು. ದಯವಿಟ್ಟು ಗಾಬರಿಯಾಗಬೇಡಿ.

ಆಗಿದ್ದು ಇಷ್ಟೇ. ನೀವು ‘ಸುಡೊ’ ಸೇರಿಸಿ ಒಂದು ಕಮಾಂಡ್ ಕೊಟ್ಟಿರಿ, ಅಂದರೆ ಅಡ್ಮಿನ್ (ಕಂಪ್ಯೂಟರ್ ನೋಡಿಕೊಳ್ಳುವವರ) ಅಧಿಕಾರ ಕೇಳಿದಿರಿ. ಆ ಅಧಿಕಾರ ಯಾರಿಗಿದೆ ಅಂತ ಬರೆದಿಟ್ಟ ‘ಸುಡೋಯರ್ಸ್’ ಫೈಲಿನಲ್ಲಿ ನಿಮ್ಮ ಅಕೌಂಟ್ ಇರಲಿಲ್ಲ, ಹಾಗಾಗಿ ಕಂಪ್ಯೂಟರ್ ಒಪ್ಪಲಿಲ್ಲ. ರಿಪೋರ್ಟ್ ಹೋಗುವುದು ಅದೇ ಕಂಪ್ಯೂಟರಿನಲ್ಲಿ ನಡೆದದ್ದನ್ನೆಲ್ಲ ಬರೆದಿಡುವ ಫೈಲಿಗೆ, ಅಂದರೆ ಲಾಗ್‌ಗೆ. ತೆರೆದು ನೋಡಿದರೆ ದಿನಾಂಕ, ಅಕೌಂಟ್ ಹೆಸರು, ಕೊಟ್ಟ ಕಮಾಂಡ್ ಒಂದೇ ಸಾಲಿನಲ್ಲಿ ಕಾಣುತ್ತವೆ. ಮೇಲ್ ವ್ಯವಸ್ಥೆ ಇದ್ದರೆ ಅಡ್ಮಿನ್‌ಗೂ ಒಂದು ಮೇಲ್. ಸುಡೊ ಹುಟ್ಟಿದ್ದೇ 1980ರ ಸುಮಾರಿಗೆ, ಹಲವರು ಒಂದೇ ಕಂಪ್ಯೂಟರ್ ಹಂಚಿಕೊಳ್ಳುತ್ತಿದ್ದಾಗ; ಹಾಗಾಗಿಯೇ ಅಡ್ಮಿನ್‌ಗೆ ತಿಳಿಸುವ ಈ ಸಂದೇಶ. ಮನೆಯಲ್ಲಾದರೆ ಅಡ್ಮಿನ್ ನೀವೇ ಅಥವಾ ಮನೆಯವರೇ ಅಲ್ವಾ? ಅಡ್ಮಿನ್ ಅಕೌಂಟಿನಿಂದ ಲಾಗಿನ್ ಆಗಿ ಅದೇ ಕಮಾಂಡ್ ಕೊಡಿ. ಸುಮ್ನೆ ಪ್ಲಗ್ ಕಿತ್ತರೆ ಸೇವ್ ಆಗುತ್ತಿದ್ದ ಫೈಲ್ ಹಾಳಾಗಬಹುದು.