ಕತ್ತರಿ ಹಿಡಿಯುವುದು ಹೇಗೆ? ಮೊದಲನೇ ದಿನದ ಪಾಠ

ಪೇಪರಿನ ಜಿಲ್ಲಾ ಪುಟದಲ್ಲಿ ಮತ್ತೆ ಆ ಫೋಟೋ ಬಂದಿದೆ. ನೀವೂ ನೋಡಿರುತ್ತೀರಿ, ಯಾವ ಊರಿನದಾದರೂ ಒಂದೇ. ಮಧ್ಯೆ ದೀಪ, ದೀಪದ ಸುತ್ತ ಏಳೆಂಟು ಗಣ್ಯರು. ಒಬ್ಬರ ಕೈಯಲ್ಲಿ ಮೇಣದ ಬತ್ತಿ, ಉಳಿದವರ ಕೈ ಅವರ ಮೊಣಕೈ ಮೇಲೆ. ಹಿಂದೆ ‘ಉದ್ಯಮಶೀಲತಾ ತರಬೇತಿ ಶಿಬಿರ’ ಅನ್ನುವ ಬ್ಯಾನರ್. ಫೋಟೋದ ಅಂಚಿನಲ್ಲಿ ಹೇಗೋ ಉಳಿದುಕೊಂಡ ಒಂದೆರಡು ತಲೆಗಳು. ಆ ತಲೆಗಳೇ ವಿದ್ಯಾರ್ಥಿಗಳು. ವಯಸ್ಸು ನಲವತ್ತೋ ಐವತ್ತೋ. ಮೇಲೆ ದಪ್ಪ ಅಕ್ಷರದಲ್ಲಿ: ‘ಉದ್ಯೋಗ ಹುಡುಕಬೇಡಿ, ಉದ್ಯೋಗ ಕೊಡುವವರಾಗಿ’.

ಹೀಗಂದವರು ಯಾರು ಅಂತ ನೋಡಿದರೆ ಸರ್ಕಾರಿ ಅಧಿಕಾರಿ. ಅಂದರೆ ಡಿಗ್ರಿ ಮುಗಿಸಿ, ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಕೋಚಿಂಗ್ ಸೇರಿ, ಪ್ರಶ್ನೆಪತ್ರಿಕೆ ಲೀಕಾಗಿ, ಮತ್ತೆ ಪರೀಕ್ಷೆ ಬರೆದು, ಕೋರ್ಟಿನ ತಡೆಯಾಜ್ಞೆ ತೆರವಾಗುವವರೆಗೆ ಕಾದು, ಕೊನೆಗೂ ಉದ್ಯೋಗ ಹುಡುಕಿಕೊಂಡವರು. ತಿಂಗಳಾದರೆ ಸಂಬಳ ಬಂದು ಬೀಳುವವರಿಗೆ ಮಾತ್ರ ಸಂಬಳದ ಬಗ್ಗೆ ಇಷ್ಟು ವೈರಾಗ್ಯ ಬರಲು ಸಾಧ್ಯ.

ಯೋಜನೆಗಳಿಗೇನೂ ಬರವಿಲ್ಲ ಬಿಡಿ. ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮವನ್ನೇ ತಗೊಳ್ಳಿ. 2023ರ ಸೆಪ್ಟೆಂಬರ್ 17ರಂದು ಶುರುವಾಯಿತು. ಬಡಗಿ, ಕಮ್ಮಾರ, ಕುಂಬಾರ, ದರ್ಜಿ, ಕ್ಷೌರಿಕ, ಹೂ ಕಟ್ಟುವವರು ಅಂತ ಒಟ್ಟು 18 ಕಸುಬು. ಐದರಿಂದ ಏಳು ದಿನ ಮೂಲ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ. ಉಪಕರಣಕ್ಕೆ 15,000 ರೂಪಾಯಿ. ಶೇ 5ರ ಬಡ್ಡಿಗೆ ಮೊದಲು 1 ಲಕ್ಷ ಸಾಲ, ಅದು ತೀರಿಸಿದರೆ 2 ಲಕ್ಷ. ಕೇಳಲು ಚೆನ್ನಾಗಿದೆ. ನಿಜವಾಗಿಯೂ ಚೆನ್ನಾಗಿದೆ. ತಕರಾರು ಇರುವುದು ಸರದಿಯಲ್ಲಿ. ಪಾಠ ಮೊದಲು, ಸಾಲ ಆಮೇಲೆ. ಮೂವತ್ತು ವರ್ಷ ಕತ್ತರಿ ಆಡಿಸಿದವರೂ ಮೊದಲು ಬೆಂಚಿನ ಮೇಲೆ ಕೂತು ಏಳಬೇಕು.

ಅದಕ್ಕೂ ಮುಂಚೆ ಮೂರು ಹಂತದ ಪರಿಶೀಲನೆ. ಮೊದಲನೆಯದು ಪಂಚಾಯ್ತಿಯಲ್ಲೋ ಪುರಸಭೆಯಲ್ಲೋ. ಅರ್ಜಿ ಹಾಕಿದವರು ನಿಜವಾಗಿಯೂ ಕ್ಷೌರಿಕರೇ ಅಂತ ಖಾತ್ರಿ ಆಗಬೇಕು. ಊರಿಗೆ ಇರುವುದೇ ಒಂದು ಕಟಿಂಗ್ ಶಾಪ್. ಅಧ್ಯಕ್ಷರು ಒಮ್ಮೆ ಕನ್ನಡಿ ನೋಡಿಕೊಂಡರೆ ಮುಗಿಯುವ ಕೆಲಸ. ಆದರೆ ಕನ್ನಡಿಯನ್ನು ಪೋರ್ಟಲ್‌ಗೆ ಅಪ್‌ಲೋಡ್ ಮಾಡುವುದು ಹೇಗೆ?

ನಮ್ಮೂರಿನ ಕಟಿಂಗ್ ಶಾಪಿನವರು ಹೋಗಿದ್ದು ಬೇರೆ ಶಿಬಿರಕ್ಕೆ. ಯಾವುದು, ಯಾರದು ಅಂತ ಕೇಳಬೇಡಿ, ಎಲ್ಲವೂ ಹೆಚ್ಚುಕಡಿಮೆ ಒಂದೇ. ಬ್ಯಾಚಿಗೆ ಮೂವತ್ತೈದು ಜನ ಬೇಕಿತ್ತಂತೆ, ಇಪ್ಪತ್ತೆಂಟೇ ಆಗಿದ್ದರಂತೆ. ಸಂಖ್ಯೆ ತುಂಬಿಸಲು ಅಂಗಡಿಗಳಿಂದ ಕರಕೊಂಡು ಹೋದರು. ಇವರು ಶಟರ್ ಎಳೆದು ಹೋದರು. ವಾರ ಕಳೆದು ಬಂದಾಗ ಕೇಳಿದೆ.

“ಏನು ಕಲಿಸಿದ್ರು ಅಣ್ಣ?”

“ಗಿರಾಕಿ ಬಂದ್ರೆ ನಗ್ತಾ ಇರ್ಬೇಕಂತೆ ಸಾರ್.”

“ಒಳ್ಳೇದೇ ಅಲ್ವಾ?”

“ಕುತ್ತಿಗೆ ಹತ್ರ ರೇಜರ್ ಹಿಡ್ಕೊಂಡು ನಕ್ರೆ ಯಾರು ಸಾರ್ ಕೂತ್ಕೋತಾರೆ?”

ಎರಡನೇ ದಿನ ರಿಂಗ್ ಎಸೆಯುವ ಆಟವಂತೆ. ನೆಲದಲ್ಲಿ ಒಂದು ಗೂಟ, ಕೈಯಲ್ಲಿ ರಿಂಗು. ಎಷ್ಟು ದೂರ ನಿಂತು ಎಸೆಯಬೇಕು ಅನ್ನುವುದು ನಿಮ್ಮಿಷ್ಟ. ಈ ಆಟಕ್ಕೆ ದೊಡ್ಡ ವಂಶಾವಳಿಯೇ ಇದೆ. ಹಾರ್ವರ್ಡಿನ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲೆಂಡ್ 1960ರ ದಶಕದಲ್ಲಿ ಆಂಧ್ರದ ಕಾಕಿನಾಡದ ಸಣ್ಣ ಉದ್ಯಮಿಗಳನ್ನು ಹೈದರಾಬಾದಿಗೆ ಕರೆಸಿ, ಸಾಧಿಸುವ ಛಲವನ್ನು ಕಲಿಸಬಹುದು ಅಂತ ತರಬೇತಿ ನಡೆಸಿದರು. ಅವರ ಲೆಕ್ಕದಲ್ಲಿ ತೀರಾ ಹತ್ತಿರದಿಂದ ಎಸೆಯುವವನು ಅಂಜುಬುರುಕ. ತೀರಾ ದೂರದಿಂದ ಎಸೆಯುವವನು ಅದೃಷ್ಟ ನಂಬಿದವನು. ನಡುವೆ ನಿಂತವನೇ ಉದ್ಯಮಿ. ಅಂದಿನಿಂದ ಈ ದೇಶದ ಎಷ್ಟೋ ಶಿಬಿರಗಳಲ್ಲಿ ರಿಂಗು ಹಾರುತ್ತಲೇ ಇದೆ.

ಮೆಕ್ಲೆಲೆಂಡರನ್ನು ಯಾರಾದರೂ ನಮ್ಮ ಕಡೆಯ ಒಂದು ಜಾತ್ರೆಗೆ ಕರಕೊಂಡು ಬಂದಿದ್ದರೆ ಚೆನ್ನಾಗಿತ್ತು. ಅಲ್ಲೂ ರಿಂಗ್ ಆಟ ಇದೆ. ಮುಂದಿನ ಸಾಲಿನಲ್ಲಿ ಸೋಪು, ಬಿಸ್ಕೆಟ್ ಪೊಟ್ಟಣ. ಹಿಂದೆ ಗೋಡೆ ಗಡಿಯಾರ. ಅದರ ಹಿಂದೆ, ಯಾರ ಕೈಗೂ ಸಿಗದ ಹಾಗೆ, ಐನೂರರ ನೋಟು ಸುತ್ತಿದ ಡಬ್ಬ. ಹತ್ತಿರದಿಂದ ಎಸೆದವರೂ ಸೋತರು, ದೂರದಿಂದ ಎಸೆದವರೂ ಸೋತರು, ನಡುವೆ ನಿಂತ ನಾನೂ ಸೋತೆ. ಅಲ್ಲಿದ್ದ ಒಬ್ಬನೇ ಉದ್ಯಮಿ ಅಂದರೆ ರಿಂಗಿನ ಅಳತೆ ನಿಗದಿ ಮಾಡಿದವನು. ಡಬ್ಬಕ್ಕಿಂತ ಕೂದಲೆಳೆಯಷ್ಟೇ ದೊಡ್ಡದು. ಬೀಳುವುದಿಲ್ಲ ಅನ್ನುವಂತೆಯೂ ಇಲ್ಲ, ಬೀಳುವಂತೆಯೂ ಇಲ್ಲ. ಜಾಗದ ಬಾಡಿಗೆ ಕಟ್ಟಿ, ಪುಂಡರಿಗೆ ಎರಡು ರಿಂಗು ಪುಕ್ಕಟೆ ಕೊಟ್ಟು, ಮಳೆ ಬಂದರೆ ಟಾರ್ಪಾಲ್ ಎಳೆದು, ಜಾತ್ರೆ ಮುಗಿದರೆ ಇನ್ನೊಂದು ಊರಿಗೆ ಹೊರಡುತ್ತಾನೆ. ಅವನ ಹತ್ತಿರ ಸರ್ಟಿಫಿಕೇಟ್ ಇಲ್ಲ. ಸಾಲ ಕೇಳಲು ಹೋದರೆ ಅವನನ್ನೂ ಕೂರಿಸಿ ರಿಂಗ್ ಎಸೆಸುತ್ತಾರೆ.

ಶಿಬಿರದಲ್ಲಿ ಆಮೇಲೆ ಸಾಧಕರ ಕಥೆ. ಧೀರೂಭಾಯಿ ಅಂಬಾನಿ ಯೆಮನ್ನಿನ ಏಡನ್‌ನಲ್ಲಿ ಸಂಬಳಕ್ಕಿದ್ದರು. ಅಮೆರಿಕದಲ್ಲಿ ಯಾರೋ ಗ್ಯಾರೇಜಿನಲ್ಲಿ ಕಂಪನಿ ಶುರು ಮಾಡಿದರು. ಹುಬ್ಬಳ್ಳಿ ಕಡೆಯಿಂದ ಬಂದು ರೊಟ್ಟಿ ಮಾಡಿ ಮಾರುವ ಅಕ್ಕ ಒಬ್ಬರು ಎದ್ದು, “ಕಾರ್ ನಿಲ್ಲಸೂ ಜಾಗಾ ಇತ್ತಲ್ರೀ ಅವ್ರಿಗೆ” ಅಂದರಂತೆ. ಬ್ರೇಕ್ ಈವನ್ ಪಾಯಿಂಟ್, ಅಂದರೆ ಲಾಭವೂ ಇಲ್ಲ ನಷ್ಟವೂ ಇಲ್ಲ ಅನ್ನುವ ಹಂತ, ಅದರ ಬಗ್ಗೆ ಪಾಠ ನಡೆದಾಗಲೂ ಅವರೇ ಉತ್ತರ ಕೊಟ್ಟಿದ್ದು: “ಜ್ವಾಳದ ರೇಟ್ ಏರಿದ್ ದಿನಾ ರೊಟ್ಟಿ ಸಣ್ಣದಾಗ್ತಾವ್ರೀ.” ಪಾಠ ಮಾಡುವವರು ಇದನ್ನು ಬರೆದುಕೊಂಡರೋ ಇಲ್ಲವೋ ಗೊತ್ತಿಲ್ಲ.

ಹಾಗಂತ ಪಾಠವೇ ಬೇಡ ಅನ್ನುತ್ತಿಲ್ಲ. ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳದವರು, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ರುಡ್‌ಸೆಟಿ ಅನ್ನುವ ಸ್ವಉದ್ಯೋಗ ತರಬೇತಿ ಸಂಸ್ಥೆ ಕಟ್ಟಿದರು. ಊಟ, ವಸತಿ ಕೊಟ್ಟು ಕೆಲಸ ಗೊತ್ತಿಲ್ಲದವರಿಗೆ ಕೆಲಸ ಕಲಿಸಿದರು. ಕಲಿತು ಹೋದವರು ಏನಾದರು ಅಂತ ಬೆನ್ನು ಹತ್ತಿ ವಿಚಾರಿಸಿದರು. ಬ್ಯಾಂಕಿನವರೇ ಜೊತೆಗಿದ್ದರು, ಅದು ಮುಖ್ಯ. ಆ ಮಾದರಿ ದೇಶಕ್ಕೆಲ್ಲ ಹೋಯಿತು. ಊರೂರಿನ ದೀಪದ ಶಿಬಿರಗಳು ಮಾತ್ರ ಅಲ್ಲಿಂದ ಗ್ರೂಪ್ ಫೋಟೋ ತೆಗೆಸಿಕೊಳ್ಳುವುದನ್ನಷ್ಟೇ ಕಲಿತವು.

ನಾಲ್ಕನೇ ದಿನ ಪ್ರಾಜೆಕ್ಟ್ ರಿಪೋರ್ಟ್. ಇದನ್ನು ಬರೆಯಲು ಕಲಿಸುತ್ತಾರೆ, ಬರೆಯುವುದು ಸೈಬರ್ ಸೆಂಟರಿನ ಹುಡುಗ. ಅವನ ಕಂಪ್ಯೂಟರಿನಲ್ಲಿ ಒಂದೇ ರಿಪೋರ್ಟ್ ಇದೆ, ಹೆಸರು ಬದಲಾಗುತ್ತದೆ. ಅದೇ ಬ್ಯಾಚಿನ ಟೈಲರ್ ಅಕ್ಕನ ರಿಪೋರ್ಟಿನಲ್ಲಿ ‘ಕೋಳಿಮರಿಗಳಿಗೆ ಸಕಾಲದಲ್ಲಿ ಲಸಿಕೆ’ ಅಂತ ಒಂದು ಪ್ಯಾರಾ ಇತ್ತು. ಯಾರೂ ಓದದ ಕಾರಣ ಯಾರಿಗೂ ತೊಂದರೆ ಆಗಲಿಲ್ಲ.

ಆ ಟೈಲರ್ ಅಕ್ಕನ ಸಾಲ ನಿಂತದ್ದು ಸಿಬಿಲ್ ಸ್ಕೋರಿನಲ್ಲಿ, ಅಂದರೆ ಹಳೇ ಸಾಲದ ಲೆಕ್ಕ ನೋಡಿ ಕೊಡುವ ಅಂಕದಲ್ಲಿ. ಯಾವಾಗಲೋ ಸಂಘದ ಗೆಳತಿಯ ಸಾಲಕ್ಕೆ ಸಹಿ ಹಾಕಿದ್ದರು. ಸಣ್ಣ ವ್ಯಾಪಾರಕ್ಕೆ ಕೊಡುವ ಮುದ್ರಾ ಸಾಲಕ್ಕೆ ಅಡಮಾನ ಬೇಡ ಅಂತ 2015ರಿಂದ ಸಾರುತ್ತಿದ್ದಾರೆ. ಆದರೂ ಬ್ಯಾಂಕಿನವರು ಜಾಮೀನಿಗೆ ಯಾರಿದ್ದಾರೆ ಅಂತ ಕೇಳಿದರು. ಸರ್ಟಿಫಿಕೇಟ್ ತೋರಿಸಿದ್ದಕ್ಕೆ “ಜೆರಾಕ್ಸ್ ಕೊಟ್ಟು ಹೋಗಿ” ಅಂದರು.

ಇಲ್ಲಿ ನಗು ಬರುತ್ತಿಲ್ಲ ನನಗೆ. ಏಕೆಂದರೆ ಆಕೆಗೆ ಕೊನೆಗೆ ದುಡ್ಡು ಸಿಕ್ಕಿತು. ಕೊಟ್ಟವರು ಸರ್ಟಿಫಿಕೇಟ್ ಕೇಳಲಿಲ್ಲ, ರಿಂಗ್ ಎಸೆಸಲಿಲ್ಲ. ಮನೆ ಬಾಗಿಲಿಗೇ ಬಂದು ಕೊಟ್ಟರು, ಪ್ರತಿ ವಾರ ಅದೇ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಮೈಕ್ರೋ ಫೈನಾನ್ಸ್ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಅಷ್ಟೊತ್ತಿಗೆ ಎಷ್ಟೋ ಮನೆಗಳಿಗೆ ಬೀಗ ಬಿದ್ದು ಜನ ಊರು ಬಿಟ್ಟಾಗಿತ್ತು. ಈ ಜನಕ್ಕೆ ಹೊಲಿಯಲು ಬರುತ್ತದೆ, ರೊಟ್ಟಿ ಬಡಿಯಲು ಬರುತ್ತದೆ, ಲೆಕ್ಕ ಬರುತ್ತದೆ. ಇಲ್ಲದಿದ್ದದ್ದು ಕಡಿಮೆ ಬಡ್ಡಿಯ ದುಡ್ಡು ಒಂದೇ. ಅದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಕೊಟ್ಟೆವು. ಬ್ಯಾಗು, ಪೆನ್ನು, ಪಲಾವು ಕೂಡ.

ಹೋಗಲಿ, ಕೊನೇ ದಿನದ ಪಾಠ ಡಿಜಿಟಲ್ ಪಾವತಿ. ಕ್ಯೂಆರ್ ಕೋಡ್ ಅಂಟಿಸಿ, ಪಾರದರ್ಶಕವಾಗಿರಿ. ವಿಶ್ವಕರ್ಮ ಯೋಜನೆಯಲ್ಲಂತೂ ಪ್ರತಿ ಡಿಜಿಟಲ್ ಪಾವತಿಗೆ 1 ರೂಪಾಯಿ ಪ್ರೋತ್ಸಾಹಧನ, ತಿಂಗಳಿಗೆ 100 ಪಾವತಿಯವರೆಗೆ. ಪಾಠ ಕೇಳಿದ ಜನ ಅಂಟಿಸಿದರು. 2025ರ ಜುಲೈನಲ್ಲಿ ಏನಾಯಿತು ಅಂತ ನಿಮಗೆ ಗೊತ್ತೇ ಇದೆ. ಯುಪಿಐ ಲೆಕ್ಕ ಹಿಡಿದುಕೊಂಡು ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್. ಹಾವೇರಿಯ ತರಕಾರಿ ವ್ಯಾಪಾರಿಗೆ ಸುಮಾರು 29 ಲಕ್ಷ ಕಟ್ಟಿ ಅಂತ ಬಂತು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ. ಗಲಾಟೆ ಆದ ಮೇಲೆ, ಹಳೇ ಬಾಕಿ ವಸೂಲಿ ಮಾಡಲ್ಲ ಅಂತ ಮುಖ್ಯಮಂತ್ರಿಗಳೇ ಹೇಳಬೇಕಾಯಿತು. ಅಷ್ಟರಲ್ಲಿ ಬೆಂಗಳೂರಿನ ಬೀದಿಬೀದಿಯಲ್ಲಿ ಕ್ಯೂಆರ್ ಕೋಡಿನ ಮೇಲೆ ‘ನೋ ಯುಪಿಐ, ಓನ್ಲಿ ಕ್ಯಾಶ್’ ಅನ್ನುವ ಹಾಳೆ ಬಿದ್ದಿತ್ತು.

ಆ ವಾರ ಒಳ್ಳೇ ವ್ಯಾಪಾರ ಆಗಿದ್ದು ಆ ಹಾಳೆ ಪ್ರಿಂಟ್ ತೆಗೆದುಕೊಟ್ಟ ಜೆರಾಕ್ಸ್ ಅಂಗಡಿಯವರಿಗೆ. ಜೆರಾಕ್ಸ್ ಆ 18 ಕಸುಬಿನ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಅಂಗಡಿ ಮುಚ್ಚಿ ತರಬೇತಿಗೆ ಹೋಗುವ ತಾಪತ್ರಯ ಅವರಿಗಿರಲಿಲ್ಲ.