ಮಷೀನಿನ ಸ್ಪೀಡ್ ಕೇಳಬೇಡಿ, ಸೆಟ್ಟಿಂಗ್ ಟೈಮ್ ಕೇಳಿ

ಮೊನ್ನೆ ಭಾನುವಾರ ಧಾರವಾಡದಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. ಬೇಲೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಚಿಕ್ಕ ಶೆಡ್ ಬಾಡಿಗೆಗೆ ಹಿಡಿದಿದ್ದಾನೆ. ಒಂದೂವರೆ ವರ್ಷದಿಂದ ಬಾರ್‌ಕೋಡ್ ಹೊಡೆಯಲು ಬಳಸುವ ಖಾಲಿ ಲೇಬಲ್ ರೋಲ್ ಕತ್ತರಿಸಿ ಮಾರುತ್ತಿದ್ದಾನೆ. ಈಗ ಪ್ರಿಂಟೆಡ್ ಲೇಬಲ್‌ಗೆ ಇಳಿಯಬೇಕು ಅಂತ ಎಂಟು ಕಲರ್ ಫ್ಲೆಕ್ಸೋ ಮಷೀನಿಗೆ (ರಬ್ಬರಿನಂಥ ಮೆತ್ತನೆ ಪ್ಲೇಟಿನಿಂದ ಪ್ರಿಂಟ್ ಮಾಡುವಂಥದ್ದು) ಕೊಟೇಶನ್ ತರಿಸಿದ್ದಾನೆ. "ಅಕ್ಕಾರ, ಮಿನಿಟಿಗೆ ನೂರೈವತ್ತು ಮೀಟರ್ ಓಡ್ತದಂತ. ತಗೊಳ್ಳಲೇನ್ರಿ?" ಅಂದ.

ನಿನಗೆ ಬರುವ ಆರ್ಡರ್ ಎಷ್ಟು ದೊಡ್ಡದು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಜಾಸ್ತಿ ಐದು ಸಾವಿರ, ಹತ್ತು ಸಾವಿರದವೇ ರೀ" ಅಂದ. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಹತ್ತು ವರ್ಷದ ಹಿಂದೆ ನಾನು ಮಾಡಿದ ತಪ್ಪನ್ನೇ ಅವನೂ ಮಾಡಲು ಹೊರಟಿದ್ದಾನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಈ ಲೇಬಲ್ ಲೈನಿನಲ್ಲಿ ಇರುವವರು, ಬರಬೇಕು ಅಂದುಕೊಂಡವರು ದಯವಿಟ್ಟು ಕೊನೆವರೆಗೂ ಓದಿ.

ಮೊದಲು ಒಂದು ಲೆಕ್ಕ ಹಾಕೋಣ. 100 × 50 ಮಿಲಿಮೀಟರ್ ಲೇಬಲ್ ತಗೊಳ್ಳಿ. 330 ಮಿ.ಮೀ. ಅಗಲದ ರೋಲಿನಲ್ಲಿ ಅಡ್ಡಕ್ಕೆ ಮೂರು ಕೂರುತ್ತವೆ. ಪ್ಲೇಟ್ ಅಂಟಿಸಲು 84 ಹಲ್ಲಿನ ಸಿಲಿಂಡರ್ ಹಾಕಿದರೆ ಒಂದು ಸುತ್ತು 266.7 ಮಿ.ಮೀ. ಅಷ್ಟರಲ್ಲಿ ಉದ್ದಕ್ಕೆ ಐದು ಲೇಬಲ್, ನಡುವೆ ಮೂರು ಚಿಲ್ಲರೆ ಮಿಲಿಮೀಟರ್ ಗ್ಯಾಪ್. ಒಂದು ಸುತ್ತಿಗೆ 15 ಲೇಬಲ್ ಬಂತು. ಹತ್ತು ಸಾವಿರ ಬೇಕಾದರೆ ಸುಮಾರು 178 ಮೀಟರ್ ಓಡಿದರೆ ಸಾಕು. ನಿಮಿಷಕ್ಕೆ 60 ಮೀಟರ್ ಓಡುವ ಸಾದಾ ಮಷೀನಿನಲ್ಲಿ ಮೂರು ನಿಮಿಷದ ಕೆಲಸ. 150 ಮೀಟರ್ ಓಡುವ ಮಷೀನಿನಲ್ಲಿ ಒಂದೂಕಾಲು ನಿಮಿಷ. ಅಷ್ಟು ದೊಡ್ಡ ಸಾಲ ಮಾಡಿ ಉಳಿಸಿದ್ದು ಎರಡು ನಿಮಿಷಕ್ಕಿಂತ ಕಡಿಮೆ!

ಆ ಮೂರು ನಿಮಿಷದ ಹಿಂದೆ ಎಷ್ಟು ಕೆಲಸ ಇದೆ ನೋಡಿ. ಹಳೇ ಪ್ಲೇಟ್ ಬಿಚ್ಚಬೇಕು. ಹೊಸದನ್ನು ಸಿಲಿಂಡರಿಗೆ ನೇರವಾಗಿ ಅಂಟಿಸಬೇಕು. ಪ್ಲೇಟಿಗೆ ಇಂಕ್ ಅಳೆದು ಕೊಡುವ ಆನಿಲಾಕ್ಸ್ ರೋಲರ್ ಬದಲಿಸಬೇಕು, ಇಂಕ್ ತೊಳೆಯಬೇಕು. ಬಣ್ಣದ ಮೇಲೆ ಬಣ್ಣ ಕೂರುವಂತೆ ರಿಜಿಸ್ಟರ್ ಹಿಡಿಯಬೇಕು. ಕೊನೆಗೆ ಲೇಬಲ್ ಆಕಾರಕ್ಕೆ ಕತ್ತರಿಸುವ ಅಚ್ಚು, ಅಂದರೆ ಡೈ, ಅದರ ಪ್ರೆಷರ್ ಸೆಟ್ ಮಾಡಬೇಕು. ನಮ್ಮಲ್ಲಿ ನಾಲ್ಕು ಕಲರ್ ಜಾಬಿಗೆ ಪಳಗಿದ ಆಪರೇಟರ್ ಇದ್ದರೂ ಮುಕ್ಕಾಲು ಗಂಟೆ ಬೇಕು. ಸೆಟ್ಟಿಂಗ್‌ನಲ್ಲೇ 70–80 ಮೀಟರ್ ಮೆಟೀರಿಯಲ್ ಹೋಗುತ್ತದೆ. 178 ಮೀಟರ್ ಜಾಬಿಗೆ 80 ಮೀಟರ್ ವೇಸ್ಟ್ ಅಂದರೆ ಹೊಟ್ಟೆ ಉರಿಯುತ್ತದೆ ಅಲ್ವಾ? ಅದಕ್ಕೇ ಸೇಲ್ಸ್‌ನವರು ಬಂದಾಗ ನಾನು ಕೇಳುವುದು ಇಷ್ಟೇ: ಒಂದು ಜಾಬ್ ಇಳಿಸಿ ಇನ್ನೊಂದು ಏರಿಸಿ ಮೊದಲ ಒಳ್ಳೆ ಲೇಬಲ್ ಹೊರಬರಲು ಎಷ್ಟು ನಿಮಿಷ, ಎಷ್ಟು ಮೀಟರ್?

ಸಾಲದ ಕಡೆಯಿಂದಲೂ ಒಮ್ಮೆ ನೋಡಿ. 60 ಲಕ್ಷ ಸಾಲ, ಬಡ್ಡಿ 11 ಪರ್ಸೆಂಟ್, ಐದು ವರ್ಷ ಅಂತ ಇಟ್ಟುಕೊಳ್ಳೋಣ. ತಿಂಗಳ ಇಎಂಐ ಸುಮಾರು 1.30 ಲಕ್ಷ. ತಿಂಗಳಿಗೆ 25 ದಿನ, ದಿನಕ್ಕೆ 8 ಗಂಟೆ ಕೆಲಸ ಅಂದರೆ 200 ಗಂಟೆ. ಗಂಟೆಗೆ 650 ರೂಪಾಯಿ ಆಯಿತು. ಮಷೀನ್ ಓಡಿದರೂ ಅಷ್ಟೇ, ನಿಂತರೂ ಅಷ್ಟೇ. ಆಪರೇಟರ್ ಸಂಬಳ, ಕರೆಂಟು, ಬಾಡಿಗೆ ಇದರಲ್ಲಿ ಬಂದಿಲ್ಲ. ಮುಕ್ಕಾಲು ಗಂಟೆ ಸೆಟ್ಟಿಂಗ್ ಅಂದರೆ ಸುಮಾರು 490 ರೂಪಾಯಿ ಇಎಂಐ ಹೋಯಿತು, ಒಂದು ಲೇಬಲ್ ಕೂಡ ಹೊರಬರುವ ಮೊದಲೇ. ಐದು ಲಕ್ಷ ಲೇಬಲ್ ಆರ್ಡರಿನಲ್ಲಿ ಅದು ಗೊತ್ತೇ ಆಗುವುದಿಲ್ಲ. ಐದು ಸಾವಿರದ ಆರ್ಡರಿನಲ್ಲಿ ಲಾಭವನ್ನೇ ನುಂಗುತ್ತದೆ.

ಈಗ ನನ್ನ ಕಥೆ. 2014ರಲ್ಲಿ ಪೀಣ್ಯ 2ನೇ ಹಂತದಲ್ಲಿ ನಮ್ಮದು 1,800 ಚದರಡಿ ಶೆಡ್. ಮೂರು ಜನ ಇದ್ದೆವು. ಒಂದು ಚಿಕ್ಕ ಡೈ ಕಟಿಂಗ್ ಮಷೀನ್, ಲೇಬಲ್ಲನ್ನು ಚಿಕ್ಕ ರೋಲುಗಳಾಗಿ ಸುತ್ತುವ ಒಂದು ರಿವೈಂಡರ್. ಕೆಲಸ ಚೆನ್ನಾಗಿ ನಡೆಯುತ್ತಿತ್ತು. ಅಷ್ಟರಲ್ಲಿ ಒಬ್ಬ ದೊಡ್ಡ ಗಿರಾಕಿ, ತಿಂಗಳಿಗೆ ಇಪ್ಪತ್ತು ಲಕ್ಷ ಲೇಬಲ್ ಕೊಡುತ್ತೇವೆ ಅಂದರು. ಬಾಯಿಮಾತು ಅಷ್ಟೇ. ನಾವು ಹೊರದೇಶದಿಂದ ಬಂದ ಸೆಕೆಂಡ್ ಹ್ಯಾಂಡ್ ಆರು ಕಲರ್ ಮಷೀನ್ ತಂದೆವು. ಅದರ ಫೋಟೋ ನೋಡಿದರೆ ಈಗಲೂ ಚಂದ ಅನಿಸುತ್ತದೆ. ಅದು ಕೆಟ್ಟ ಮಷೀನ್ ಅಲ್ಲ. ನಮ್ಮ ಶೆಡ್ಡಿಗೆ, ನಮ್ಮ ಆರ್ಡರಿಗೆ ಸೇರಿದ್ದಲ್ಲ ಅಷ್ಟೇ.

ಒಳಗೆ ತರಲು ಬಾಗಿಲಿನ ಪಕ್ಕದ ಗೋಡೆ ಒಡೆಯಬೇಕಾಯಿತು. ಇಟ್ಟ ಮೇಲೆ ಹಿಂದುಗಡೆ ರೋಲ್ ಏರಿಸಲು ಜಾಗ ಉಳಿಯಲಿಲ್ಲ. ಯುವಿ ಲ್ಯಾಂಪ್, ಬ್ಲೋವರ್, ಕಂಪ್ರೆಸರ್, ಚಿಲ್ಲರ್ ಎಲ್ಲ ಸೇರಿ ನಮಗಿದ್ದ ವಿದ್ಯುತ್ ಲೋಡ್ ಸಾಲಲಿಲ್ಲ. ಲೋಡ್ ಏರಿಸಿಕೊಳ್ಳಲು ಅರ್ಜಿ ಹಾಕಿ ಕಾಯ್ದೆವು. ಜೊತೆಗೆ ಬಂದ ಸಿಲಿಂಡರುಗಳು ಹಿಂದಿನ ಮಾಲೀಕರ ಸೈಜಿನವು. ಈ ಮಷೀನುಗಳಲ್ಲಿ ಸಾಮಾನ್ಯವಾಗಿ ಒಂದು ಹಲ್ಲಿಗೆ 3.175 ಮಿ.ಮೀ., ಅಂದರೆ ಇಂಚಿನ ಎಂಟನೇ ಒಂದು ಭಾಗ. ಲೇಬಲ್ಲಿನ ಉದ್ದ ಬದಲಾದರೆ ಹಲ್ಲಿನ ಲೆಕ್ಕ ಬದಲಾಗುತ್ತದೆ. ಆಗ ಪ್ರತಿ ಕಲರಿಗೂ ಬೇರೆ ಸಿಲಿಂಡರ್ ಬೇಕು, ಡೈಯನ್ನು ಅಂಟಿಸಿ ಹಿಡಿಯಲು ಬೇರೆ ಮ್ಯಾಗ್ನೆಟಿಕ್ ಸಿಲಿಂಡರ್ ಬೇಕು. ಇದು ಗೊತ್ತಿದ್ದರೂ ಅದರ ಖರ್ಚನ್ನು ನಾನು ಸರಿಯಾಗಿ ಕೂಡಿಸಿರಲಿಲ್ಲ. ಇಎಂಐ ಮೂರನೇ ತಿಂಗಳಿಗೆ ಶುರುವಾಯಿತು, ಮಷೀನ್ ಐದನೇ ತಿಂಗಳಿಗೆ. ಅಷ್ಟರಲ್ಲಿ ಆ ಗಿರಾಕಿ ಬೇರೆ ಕಡೆ ಹೋಗಿದ್ದರು. ಎರಡು ವರ್ಷ ಆ ದೊಡ್ಡ ಮಷೀನಿನಲ್ಲಿ ಹತ್ತು ಸಾವಿರ, ಹದಿನೈದು ಸಾವಿರದ ಜಾಬ್ ಓಡಿಸಿದೆವು. ಕೊನೆಗೆ ನಷ್ಟಕ್ಕೆ ಮಾರಿದೆವು. ಮನೆಯಲ್ಲಿ ಇಟ್ಟಿದ್ದ ಚಿನ್ನವೂ ಅದರ ಜೊತೆ ಹೋಯಿತು.

ಅದಾದ ಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಯಾವ ಮಷೀನ್ ತಗೊಳ್ಳುವ ಮಾತು ಬಂದರೂ ಮೊದಲು ಆರು ತಿಂಗಳ ಜಾಬ್ ಕಾರ್ಡ್ ಮುಂದೆ ಹಾಕಿಕೊಂಡು ಕೂರುತ್ತೇನೆ. ಎಷ್ಟು ಲೇಬಲ್, ಯಾವ ಸೈಜು, ಎಷ್ಟು ಕಲರ್, ಪೇಪರಾ ಫಿಲ್ಮಾ, ಅದೇ ಜಾಬ್ ಮತ್ತೆ ಬಂತಾ ಅಂತ ಬರೆದುಕೊಳ್ಳುತ್ತೇನೆ. ಸರಾಸರಿ ಮಾತ್ರ ತೆಗೆಯಬೇಡಿ. ಒಂದು ಐದು ಲಕ್ಷದ ಆರ್ಡರ್ ಇದ್ದರೆ ಸರಾಸರಿ ಮೇಲೆ ಹಾರಿ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಆರ್ಡರುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿ, ನಟ್ಟನಡುವೆ ಯಾವುದು ಬರುತ್ತದೆ ನೋಡಿ. ನೀವು ಮಷೀನ್ ತರಬೇಕಾದ್ದು ಆ ನಡುವಿನ ಆರ್ಡರಿಗೆ.

ನಮ್ಮ ನಡುವಿನ ಆರ್ಡರ್ ಎಂಟು ಸಾವಿರ ಇತ್ತು. ಸೈಜು ಮಾತ್ರ ದಿನಕ್ಕೊಂದು. ಹಾಗಾಗಿ ಎರಡನೇ ಸಲ ಸೆಮಿ ರೋಟರಿ ಡೈ ಕಟಿಂಗ್ ಮಷೀನ್ ತಂದೆವು. ಅದರಲ್ಲಿ ಒಂದೇ ಮ್ಯಾಗ್ನೆಟಿಕ್ ಸಿಲಿಂಡರ್ ಇರುತ್ತದೆ. ಪ್ರತಿ ಸುತ್ತಿಗೂ ಪೇಪರ್ ಮುಂದೆ ಹೋಗಿ, ಸ್ವಲ್ಪ ಹಿಂದೆ ಬಂದು, ಮತ್ತೆ ಮುಂದೆ ಹೋಗುತ್ತದೆ. ಲೇಬಲ್ ಉದ್ದ ಬದಲಾದರೆ ತೆಳ್ಳನೆಯ ಫ್ಲೆಕ್ಸಿಬಲ್ ಡೈ ಬದಲಿಸಿ, ಸ್ಕ್ರೀನಿನಲ್ಲಿ ಅಳತೆ ಹೊಡೆದರೆ ಆಯಿತು. ಪೇಪರ್ ನಿಲ್ಲದೆ ಮುಂದಕ್ಕೇ ಓಡುವ ಫುಲ್ ರೋಟರಿಗಿಂತ ನಿಧಾನ, ನಿಜ. ಆದರೆ ನಮ್ಮಲ್ಲಿ ದಿನಕ್ಕೆ ಮೂರು ಜಾಬ್ ಆಗುತ್ತಿದ್ದ ಕಡೆ ಏಳೆಂಟು ಆಗತೊಡಗಿದವು. ಅದೇ ನೀವು ಒಬ್ಬರೇ ಗಿರಾಕಿಗೆ ಒಂದೇ ಸೈಜಿನ ಕೊರಿಯರ್ ಲೇಬಲ್ ತಿಂಗಳಿಗೆ ಹತ್ತಾರು ಲಕ್ಷ ಮಾಡುವವರಾದರೆ ಸೆಮಿ ರೋಟರಿ ಬೇಡವೇ ಬೇಡ. ಫುಲ್ ರೋಟರಿ, ಗಟ್ಟಿ ಡೈ ಹಾಕಿ ಸುಮ್ನೆ ಓಡಿಸುತ್ತಾ ಇರಿ.

ಡಿಜಿಟಲ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಪ್ಲೇಟ್ ಇಲ್ಲ, ಸೆಟ್ಟಿಂಗ್ ಹೆಚ್ಚುಕಡಿಮೆ ಇಲ್ಲ. ಸಾವಿರ, ಎರಡು ಸಾವಿರದ ಜಾಬಿಗೆ ಒಳ್ಳೆಯದು. ಇಂಕ್ ಖರ್ಚು ಮಾತ್ರ ಜಾಬ್ ದೊಡ್ಡದಾದಂತೆ ಏರುತ್ತಲೇ ಹೋಗುತ್ತದೆ. ನನ್ನ ಅಭಿಪ್ರಾಯದಲ್ಲಿ ಮೊದಲ ಒಂದೆರಡು ವರ್ಷ ಡಿಜಿಟಲ್ ಪ್ರಿಂಟ್ ಹೊರಗೆ ಮಾಡಿಸಿ, ಕಟಿಂಗ್ ಮಾತ್ರ ನಿಮ್ಮಲ್ಲಿ ಮಾಡುವುದು ವಾಸಿ.

ರಿವೈಂಡರ್ ವಿಷಯ ಮಾತ್ರ ಬಿಡಿಸಿ ಹೇಳಲೇಬೇಕು, ಯಾಕೆಂದರೆ ಅದನ್ನು ಯಾರೂ ಕೇಳುವುದಿಲ್ಲ. ಎಲ್ಲರ ಕಣ್ಣೂ ಪ್ರಿಂಟಿಂಗ್ ಮಷೀನಿನ ಮೇಲೆ. ಅದೇ ಹತ್ತು ಸಾವಿರದ ಜಾಬ್ ನೋಡಿ. ಪ್ರಿಂಟ್ ಮೂರು ನಿಮಿಷ. ಆಮೇಲೆ ಅದನ್ನು ಮೂರು ಪಟ್ಟಿಯಾಗಿ ಉದ್ದಕ್ಕೆ ಸೀಳಿ, ಸಾವಿರಕ್ಕೊಂದು ರೋಲಿನಂತೆ ಹತ್ತು ರೋಲ್ ಸುತ್ತಬೇಕು. ಕೋರ್ (ರೋಲಿನ ನಡುವಿನ ಕೊಳವೆ) ಹಾಕು, ಟೇಪ್ ಅಂಟಿಸು, ಎಣಿಸು, ಕತ್ತರಿಸು. ಗಿರಾಕಿಯ ಮೇಜಿನ ಮೇಲಿನ ಪ್ರಿಂಟರಿಗೆ ಒಂದಿಂಚಿನ ಕೋರ್, ದೊಡ್ಡ ಪ್ರಿಂಟರಿಗೆ ಮೂರಿಂಚಿನದು. ಅದು ತಪ್ಪಿದರೆ ಇಡೀ ಲಾಟ್ ವಾಪಸ್. ಮಧ್ಯೆ ಒಂದು ಲೇಬಲ್ ಬಿದ್ದುಹೋಗಿದ್ದರೆ ಕಣ್ಣಿನಲ್ಲೇ ಹಿಡಿಯಬೇಕು. ನಮ್ಮಲ್ಲಿ ಪ್ರಿಂಟ್ ಆದ ರೋಲುಗಳು ರಿವೈಂಡರ್ ಮುಂದೆ ಗುಡ್ಡೆ ಬಿದ್ದಿರುತ್ತಿದ್ದವು. ಮಷೀನ್ ಬೇಗ ಓಡಿದಷ್ಟೂ ಗುಡ್ಡೆ ದೊಡ್ಡದಾಗುತ್ತಿತ್ತು.

ಔಷಧಿ ಕಂಪನಿಗಳ ಕೆಲಸಕ್ಕೆ ಇದು ಇನ್ನೂ ಮುಖ್ಯ. 2023ರ ಆಗಸ್ಟ್ 1ರಿಂದ 300 ಔಷಧಿ ಬ್ರಾಂಡುಗಳ ಮೇಲೆ ಕ್ಯೂಆರ್ ಅಥವಾ ಬಾರ್‌ಕೋಡ್ ಕಡ್ಡಾಯವಾಗಿದೆ. ಅಂಥ ಕಡೆ ಒಂದು ತಪ್ಪು ಲೇಬಲ್ ಹೋಗುವ ಹಾಗಿಲ್ಲ. ಕೈಯಲ್ಲಿ ಹತ್ತು ಲಕ್ಷ ಜಾಸ್ತಿ ಇದ್ದರೆ ಅದನ್ನು ಇನ್ನೊಂದು ಕಲರಿಗೆ ಹಾಕಬೇಡಿ. ಕ್ಯಾಮೆರಾ ಇರುವ, ಲೆಕ್ಕ ತಪ್ಪದ ರಿವೈಂಡರಿಗೆ ಹಾಕಿ. ಇದನ್ನು ನಾನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ.

ನನಗೆ ಧೈರ್ಯ ಕೊಟ್ಟ ಒಂದು ಸಂಗತಿ ಇದೆ. ಇವತ್ತಿನ ಅಂಟು ಲೇಬಲ್ ಉದ್ಯಮ ಶುರುವಾಗಿದ್ದು 1935ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಸ್ಟಾಂಟನ್ ಏವರಿ ಎಂಬಾತ ವಾಷಿಂಗ್ ಮಷೀನಿನ ಹಳೇ ಮೋಟಾರು, ಹೊಲಿಗೆ ಯಂತ್ರದ ಬಿಡಿ ಭಾಗ, ಒಂದು ಗರಗಸ ಇವನ್ನೆಲ್ಲ ಸೇರಿಸಿ ತನ್ನ ಮೊದಲ ಲೇಬಲ್ ಮಷೀನ್ ಕಟ್ಟಿದ. ಬಂಡವಾಳ ಅಂತ ಇದ್ದದ್ದು ಮದುವೆಯಾಗಲಿದ್ದ ಹುಡುಗಿ ಕೊಟ್ಟ 100 ಡಾಲರ್ ಸಾಲ. ಏವರಿ ಡೆನಿಸನ್ ಎಂಬ ಇಷ್ಟು ದೊಡ್ಡ ಕಂಪನಿಯ ಬೇರು ಅಲ್ಲಿದೆ.

ಡೆಮೊಗೆ ಹೋಗುವವರಿಗೆ ಒಂದೆರಡು ಮಾತು. ಅವರು ತೋರಿಸುವ ಹಣ್ಣಿನ ಚಿತ್ರ, ಹೂವಿನ ಚಿತ್ರ ನೋಡಿ ಮರುಳಾಗಬೇಡಿ. ನಿಮ್ಮ ಮೆಟೀರಿಯಲ್ ರೋಲ್, ನಿಮ್ಮ ಡಿಸೈನ್ ಫೈಲ್ ತಗೊಂಡು ಹೋಗಿ. ಅದರಲ್ಲೂ ಕನ್ನಡ ಅಕ್ಷರ ಇರುವ ಡಿಸೈನ್. ಕರ್ನಾಟಕದಲ್ಲಿ ತಯಾರಾದ ವಸ್ತುಗಳ ಹೆಸರು, ಬಳಸುವ ವಿಧಾನ ಕನ್ನಡದಲ್ಲೂ ಇರಬೇಕು ಎಂದು 2025ರ ಫೆಬ್ರವರಿಯಲ್ಲಿ ಸರ್ಕಾರದ ಆದೇಶ ಬಂದಿದೆ. ನನಗೆ ಇದು ತುಂಬಾ ಖುಷಿಯ ವಿಷಯ. ಆದರೆ ನಮ್ಮ ಅಕ್ಷರಕ್ಕೆ ಒತ್ತು ಇದೆ, ಸುಳಿ ಇದೆ. ಐದಾರು ಪಾಯಿಂಟ್ ಸೈಜಿನಲ್ಲಿ "ಸ್ತ್ರ", "ಷ್ಟ್ರ" ಪ್ರಿಂಟ್ ಮಾಡಿ ನೋಡಿ. ಇಂಕ್ ಜಾಸ್ತಿ ಹಿಡಿಯುವ ಆನಿಲಾಕ್ಸ್ ಇದ್ದರೆ ಒತ್ತಕ್ಷರದ ಹೊಟ್ಟೆ ತುಂಬಿಕೊಂಡು ಕಪ್ಪು ಚುಕ್ಕೆಯಾಗುತ್ತದೆ. ಬಣ್ಣದ ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಇದ್ದರಂತೂ ಮುಗಿಯಿತು. ಎಂಟು ಕಲರ್ ಇದ್ದು ಒಂದು ಒತ್ತಕ್ಷರ ಓದಲು ಬಾರದಿದ್ದರೆ ಏನು ಬಂತು?

ಹಾಗೇ ಡೈ ಕಟಿಂಗ್ ಆದ ಮೇಲೆ ಲೇಬಲ್ ಕಿತ್ತು, ಕೆಳಗಿನ ಲೈನರ್ (ಲೇಬಲ್ ಕಿತ್ತ ಮೇಲೆ ಉಳಿಯುವ ನುಣುಪು ಹಾಳೆ) ಮೇಲೆ ಮಾರ್ಕರ್ ಇಂಕ್ ಸವರಿ ನೋಡಿ. ಡೈ ಒಳಗೆ ಇಳಿದಿದ್ದರೆ ಗೆರೆ ಎದ್ದು ಕಾಣುತ್ತದೆ. ಅಂಥ ಲೈನರ್ ಗಿರಾಕಿ ಬಾಟಲಿಗೆ ಲೇಬಲ್ ಅಂಟಿಸುವ ಮಷೀನಿನಲ್ಲಿ ಪಟ್ಟಂತ ಹರಿಯುತ್ತದೆ. ಎಡಗಡೆ, ನಡುವೆ, ಬಲಗಡೆ ಮೂರು ಕಡೆಯೂ ನೋಡಿ. ಇದಕ್ಕೆ ಖರ್ಚು ಒಂದು ಮಾರ್ಕರ್ ಪೆನ್.

ಇನ್ನು ಉಪ್ಪಿನಕಾಯಿ, ಕಾಫಿಪುಡಿ, ಜೇನು ಮಾರುವ ಚಿಕ್ಕ ಘಟಕದವರು ನಮಗೂ ಒಂದು ಲೇಬಲ್ ಮಷೀನ್ ಬೇಕಾ ಅಂತ ಕೇಳುತ್ತೀರಿ. ಬೇಡ. ನಿಮ್ಮ ಹೆಸರು, ಚಿತ್ರ ಇರುವ ಲೇಬಲ್ ಒಮ್ಮೆಗೇ ಮಾಡಿಸಿಕೊಳ್ಳಿ, ಸ್ವಲ್ಪ ಜಾಗ ಖಾಲಿ ಬಿಡಿಸಿ. ಬ್ಯಾಚ್, ತಿಂಗಳು, ತೂಕ, ಎಂಆರ್‌ಪಿ ಮಾತ್ರ ಒಂದು ಥರ್ಮಲ್ ಟ್ರಾನ್ಸ್‌ಫರ್ ಪ್ರಿಂಟರಿನಲ್ಲಿ (ರಿಬ್ಬನ್ ಬಿಸಿ ಮಾಡಿ ಅಕ್ಷರ ಮೂಡಿಸುವ ಚಿಕ್ಕ ಪ್ರಿಂಟರ್) ನೀವೇ ಹೊಡೆದುಕೊಳ್ಳಿ. ಇವುಗಳಲ್ಲಿ ತಿಂಗಳು, ತೂಕ, ಎಂಆರ್‌ಪಿ 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮದಲ್ಲಿ ಇರಲೇಬೇಕಾದವು. ಬೆಲೆ ಬದಲಾದಾಗ ಹಳೇ ಲೇಬಲ್ ಎಸೆಯುವ ಕಷ್ಟವೂ ತಪ್ಪುತ್ತದೆ.

ಧಾರವಾಡದ ಹುಡುಗನಿಗೆ ಕೊಟೇಶನ್ ಮೇಲೆ ಸೈನ್ ಮಾಡಬೇಡ ಅಂದಿದ್ದೇನೆ. ಆರು ತಿಂಗಳ ಬಿಲ್ ಬುಕ್ಕು, ಶೆಡ್ಡಿನ ಅಳತೆ, ಕರೆಂಟು ಬಿಲ್ಲು ಮೂರನ್ನೂ ತಗೊಂಡು ಬರುವ ಸೋಮವಾರ ಪೀಣ್ಯಕ್ಕೆ ಬರುತ್ತಾನೆ. ಅವತ್ತು ನಮ್ಮಲ್ಲಿ ಆರು ಜಾಬ್ ಇದೆ. ಮೊದಲ ಜಾಬಿನಿಂದ ಕೊನೆಯ ಜಾಬಿನವರೆಗೂ ಸ್ಟಾಪ್‌ವಾಚ್ ಹಿಡಿದು ನಿಂತು ನೋಡು ಅಂದಿದ್ದೇನೆ. ಬೇರೆ ಯಾರಿಗಾದರೂ ಬರಬೇಕು ಅನಿಸಿದರೆ ಮೆಸೇಜ್ ಮಾಡಿ, ಅವತ್ತೇ ಬನ್ನಿ. ನಿಮ್ಮ ಮೆಟೀರಿಯಲ್ ರೋಲ್ ಮರೆಯಬೇಡಿ.