ಖಾಲಿ ಸೀಟಿಗೆ ಮತ್ತೆ ಮತದಾನ ಬೇಕಾ? ಜಪಾನಿನ ಉಪಚುನಾವಣೆ: ಪರ–ವಿರೋಧ

ಜಪಾನಿನ ಸಂಸದರೊಬ್ಬರು ತೀರಿಕೊಂಡರೆ ಅಥವಾ ರಾಜೀನಾಮೆ ಕೊಟ್ಟರೆ ಆ ಕ್ಷೇತ್ರಕ್ಕೆ ಉಪಚುನಾವಣೆ ನಡೆಯುವುದು ಸಾಮಾನ್ಯವಾಗಿ ವರ್ಷದಲ್ಲಿ ಎರಡೇ ದಿನ. ಒಂದು ಏಪ್ರಿಲ್‌ನ ನಾಲ್ಕನೇ ಭಾನುವಾರ, ಇನ್ನೊಂದು ಅಕ್ಟೋಬರ್‌ನ ನಾಲ್ಕನೇ ಭಾನುವಾರ. 2000ದಲ್ಲಿ ಕಾನೂನು ತಿದ್ದಿ ಹೀಗೆ ಮಾಡಿದರು. ಆದರೆ ಪಕ್ಷದ ಪಟ್ಟಿಯಿಂದ ಬಂದವರ ಸೀಟು ಖಾಲಿಯಾದರೆ ಚುನಾವಣೆಯೇ ಇಲ್ಲ, ಪಟ್ಟಿಯಲ್ಲಿ ಮುಂದಿರುವವರು ಬಂದು ಕೂರುತ್ತಾರೆ. ಕ್ಷೇತ್ರದ ಸೀಟನ್ನೂ ಹಾಗೇ ಏನಾದರೂ ಮಾಡಿ ತುಂಬಿದರೆ ಆಗದೇ? ಜಪಾನಿನಲ್ಲಿ ಕೆಲಸ ಮಾಡುವ ಇಬ್ಬರು ಕನ್ನಡಿಗರನ್ನು ಕೇಳಿದೆವು. ಇಬ್ಬರಿಗೂ ಅಲ್ಲಿ ಮತದ ಹಕ್ಕಿಲ್ಲ.

ಪರ: ಪ್ರಧಾನಿ ಆರಿಸದ ತಾರೀಖು

ಜಪಾನಿನ ಕೆಳಮನೆಯ ಅವಧಿ ನಾಲ್ಕು ವರ್ಷ. ಅದು ಕಾಗದದ ಮೇಲಿನ ಮಾತು. ಈಗಿನ ಸಂವಿಧಾನ ಬಂದ ಮೇಲೆ ನಾಲ್ಕು ವರ್ಷ ಪೂರ್ತಿ ಮುಗಿಸಿ ಚುನಾವಣೆಗೆ ಹೋದದ್ದು 1976ರಲ್ಲಿ ಒಂದೇ ಸಲ. ಉಳಿದ ಸಲವೆಲ್ಲ ನಡುವೆಯೇ ವಿಸರ್ಜನೆ. ಅದೂ ಹೆಚ್ಚಾಗಿ ಪ್ರಧಾನಿಗೆ ಅನುಕೂಲವಾದಾಗ. ಎದುರು ಪಕ್ಷಗಳು ಒಡೆದು ಕೂತಿವೆಯಾ, ಸಮೀಕ್ಷೆಯಲ್ಲಿ ತನ್ನ ಹೆಸರು ಮೇಲಿದೆಯಾ, ಸರಿ, ಈಗಲೇ ಮಾಡಿಬಿಡೋಣ. ಹೀಗೆ ನಡೆಯುತ್ತದೆ.

ಉಪಚುನಾವಣೆಗೆ ಈ ಆಟ ನಡೆಯುವುದಿಲ್ಲ. ಕ್ಯಾಲೆಂಡರ್‌ನಲ್ಲಿ ದಿನ ಮೊದಲೇ ಬರೆದಿರುತ್ತದೆ. ಸಂಸದರು ಯಾವಾಗ ಸಾಯುತ್ತಾರೆ, ಯಾರ ಹಗರಣ ಯಾವಾಗ ಹೊರಗೆ ಬರುತ್ತದೆ ಅನ್ನೋದು ಪ್ರಧಾನಿಯ ಕೈಯಲ್ಲಿಲ್ಲ. ಮೇಲ್ಮನೆ ಚುನಾವಣೆಗೂ ಈ ಗುಣ ಇದೆ, ಒಪ್ಪುತ್ತೇನೆ. ಆದರೆ ಅದು ಬರೋದು ಮೂರು ವರ್ಷಕ್ಕೊಮ್ಮೆ. ನಡುವೆ ಸರ್ಕಾರಕ್ಕೆ ಜನ ಏನಾದರೂ ಹೇಳಬೇಕು ಅಂದರೆ ಇರುವ ದಾರಿ ಈ ಉಪಚುನಾವಣೆ ಮಾತ್ರ.

ಹೇಳಿ ಏನು ಪ್ರಯೋಜನ ಅನ್ನುವವರು 1987ರ ಇವಾತೆ ಪ್ರಾಂತ್ಯವನ್ನು ನೋಡಬೇಕು. ಅದರ ಹಿಂದಿನ ವರ್ಷ ಆಗಿನ ಪ್ರಧಾನಿ ನಕಸೋನೆ ಯಾಸುಹಿರೊ ಎರಡೂ ಮನೆಗಳ ಚುನಾವಣೆ ಒಟ್ಟಿಗೆ ಮಾಡಿಸಿ ಭರ್ಜರಿಯಾಗಿ ಗೆದ್ದಿದ್ದರು. ದೊಡ್ಡ ಪರೋಕ್ಷ ತೆರಿಗೆ ಏನೂ ತರುವುದಿಲ್ಲ ಅಂತ ಹೇಳಿಯೇ ಗೆದ್ದಿದ್ದು. ಗೆದ್ದ ಮೇಲೆ ಮಾರಾಟ ತೆರಿಗೆಯ ಮಸೂದೆ ತಂದರು. ಅಷ್ಟು ಬಹುಮತ ಇರುವಾಗ ಸಂಸತ್ತಿನಲ್ಲಿ ತಡೆಯುವವರು ಯಾರು? 1987ರ ಮಾರ್ಚ್‌ನಲ್ಲಿ ಇವಾತೆಯಲ್ಲಿ ಮೇಲ್ಮನೆಯ ಒಂದೇ ಒಂದು ಸೀಟಿಗೆ ಉಪಚುನಾವಣೆ ಬಂತು. ಅದು ಆಳುವ ಲಿಬರಲ್ ಡೆಮಾಕ್ರಟಿಕ್ ಪಕ್ಷದ, ಅಂದರೆ ಎಲ್‌ಡಿಪಿಯ ಗಟ್ಟಿ ನೆಲ. ಗೆದ್ದದ್ದು ಸಮಾಜವಾದಿ ಪಕ್ಷ. ಮಾರಾಟ ತೆರಿಗೆಯ ಮಸೂದೆ ಆ ಏಟಿಗೆ ಮಲಗಿದ್ದು ಮತ್ತೆ ಏಳಲಿಲ್ಲ. ಎರಡೂ ಮನೆಗಳಲ್ಲಿ ಕೂತಿದ್ದ ನೂರಾರು ಸದಸ್ಯರ ಕೈಲಾಗದ್ದನ್ನು ಒಂದು ಸೀಟು ಮಾಡಿತು.

2021ರ ಏಪ್ರಿಲ್ 25 ಇನ್ನೊಂದು. ಅವತ್ತು ಮೂರು ಕಡೆ ಮತದಾನ. ಹೊಕ್ಕೈದೊದಲ್ಲಿ ಮೊಟ್ಟೆ ಕಂಪನಿಯ ಹಣದ ಹಗರಣ ಆಗಿ ಮಾಜಿ ಕೃಷಿ ಮಂತ್ರಿ ಸೀಟು ಬಿಟ್ಟಿದ್ದರು. ಹಿರೊಶಿಮಾದಲ್ಲಿ ಮತಕ್ಕೆ ದುಡ್ಡು ಹಂಚಿದ್ದಕ್ಕೆ ಆಯ್ಕೆಯೇ ರದ್ದಾಗಿತ್ತು. ಅಲ್ಲಿ ನಡೆದದ್ದು ಲೆಕ್ಕಕ್ಕೆ ಮರುಚುನಾವಣೆ, ದಿನ ಮಾತ್ರ ಅದೇ. ನಾಗಾನೊದಲ್ಲಿ ಸದಸ್ಯರು ಕೊರೊನಾದಿಂದ ತೀರಿಕೊಂಡಿದ್ದರು. ಎಲ್‌ಡಿಪಿ ಒಂದು ಕಡೆ ಅಭ್ಯರ್ಥಿಯನ್ನೇ ಹಾಕಲಿಲ್ಲ, ಎರಡು ಕಡೆ ಸೋತಿತು. ಸೆಪ್ಟೆಂಬರ್ 3ಕ್ಕೆ ಪ್ರಧಾನಿ ಸುಗಾ ಯೊಶಿಹಿದೆ ಪಕ್ಷದ ಅಧ್ಯಕ್ಷ ಸ್ಥಾನಕ್ಕೆ ಮತ್ತೆ ನಿಲ್ಲುವುದಿಲ್ಲ ಅಂದರು. ಅಲ್ಲಿ ಪಕ್ಷದ ಅಧ್ಯಕ್ಷಗಿರಿ ಹೋದರೆ ಪ್ರಧಾನಿ ಪಟ್ಟವೂ ಹೋದ ಹಾಗೆ.

ಇನ್ನು ನಾನು ಕಣ್ಣಾರೆ ನೋಡಿದ್ದು. ನಾನಿರೋದು ಶಿಮಾನೆ ಪ್ರಾಂತ್ಯದ ಮಾತ್ಸುಯೆಯಲ್ಲಿ. ಶಿಂಜಿ ಸರೋವರದ ದಡದ ಊರು, ಗದ್ದಲ ಕಡಿಮೆ, ವಯಸ್ಸಾದವರು ಜಾಸ್ತಿ. ಇಲ್ಲಿನ ಒಂದನೇ ಕ್ಷೇತ್ರ ಹೊಸೊದಾ ಹಿರೊಯುಕಿ ಅವರದ್ದು. ‘ಅವರದ್ದು’ ಅಂತಲೇ ಹೇಳಬೇಕು. ಒಬ್ಬರೇ ಸದಸ್ಯರ ಕ್ಷೇತ್ರ ಪದ್ಧತಿಯಲ್ಲಿ 1996ರಲ್ಲಿ ಮೊದಲ ಚುನಾವಣೆ ನಡೆದಾಗಿನಿಂದ ಎಲ್‌ಡಿಪಿ ಇಲ್ಲಿ ಸೋತೇ ಇರಲಿಲ್ಲ. ಹೊಸೊದಾ ಕೆಳಮನೆಯ ಸಭಾಪತಿಯಾಗಿದ್ದವರು, ಎಲ್‌ಡಿಪಿಯೊಳಗೆ ಆಮೇಲೆ ಮಾಜಿ ಪ್ರಧಾನಿ ಅಬೆ ಶಿಂಜೊ ಹೆಸರಲ್ಲಿ ಅಬೆ ಬಣ ಅನಿಸಿಕೊಂಡ ಗುಂಪಿನ ಹಿಂದಿನ ಮುಖ್ಯಸ್ಥರು. 2023ರ ನವೆಂಬರ್‌ನಲ್ಲಿ ತೀರಿಕೊಂಡರು. ಅದೇ ಹೊತ್ತಿಗೆ ಪಕ್ಷದ ಬಣಗಳ ಕಪ್ಪುಹಣದ ಹಗರಣ ಸಿಡಿಯಿತು. ನಿಧಿಸಂಗ್ರಹದ ಪಾರ್ಟಿ ಟಿಕೆಟ್ ಮಾರಿದ ದುಡ್ಡಲ್ಲಿ ಒಂದು ಪಾಲನ್ನು ಲೆಕ್ಕಕ್ಕೆ ತೋರಿಸದೆ ಸಂಸದರಿಗೆ ವಾಪಸ್ ಕೊಡುತ್ತಿದ್ದರು. ಅಬೆ ಬಣದ ಹೆಸರೇ ಅದರಲ್ಲಿ ಎಲ್ಲಕ್ಕಿಂತ ದೊಡ್ಡದು.

2024ರ ಏಪ್ರಿಲ್ 28ಕ್ಕೆ ಮೂರು ಉಪಚುನಾವಣೆ. ತೋಕಿಯೊ 15 ಮತ್ತು ನಾಗಾಸಾಕಿ 3ರಲ್ಲಿ ಎಲ್‌ಡಿಪಿ ಅಭ್ಯರ್ಥಿಯನ್ನೇ ಹಾಕಲಿಲ್ಲ. ಹಾಗಾಗಿ ಎಲ್ಲರ ಕಣ್ಣೂ ನಮ್ಮೂರ ಮೇಲೆ. ಇಬ್ಬರೇ ಅಭ್ಯರ್ಥಿಗಳು: ಎಲ್‌ಡಿಪಿಯಿಂದ ಹಣಕಾಸು ಇಲಾಖೆಯಲ್ಲಿ ಅಧಿಕಾರಿಯಾಗಿದ್ದ ನಿಶಿಕೊರಿ ನೊರಿಮಾಸಾ, ವಿರೋಧ ಪಕ್ಷದಿಂದ ಕಾಮೆಯಿ ಅಕಿಕೊ. ರಸ್ತೆ ಬದಿಯ ಪ್ಲೈವುಡ್ ಹಲಗೆಯ ಮೇಲೆ ಎರಡೇ ಪೋಸ್ಟರ್. ಪ್ರಧಾನಿ ಕಿಶಿದಾ ಫುಮಿಯೊ ಎರಡು ಸಲ ಬಂದು ಹೋದರು. ಒಂದು ಸಭೆಗೆ ನಾನೂ ಹೋಗಿ ಹಿಂದೆ ನಿಂತಿದ್ದೆ. ನನ್ನ ಪಕ್ಕದಲ್ಲಿದ್ದ ಮುದುಕರು ಚಪ್ಪಾಳೆ ತಟ್ಟಿದರು, ಆದರೆ ಇಲ್ಲಿ ಅತಿಥಿಗಳಿಗೆ ತಟ್ಟುವ ಹಾಗೆ ತಟ್ಟಿದರು.

ನಮ್ಮ ಆಫೀಸಿನಲ್ಲಿ ನಿವೃತ್ತಿಗೆ ಹತ್ತಿರ ಇರುವ ಒಬ್ಬರಿದ್ದಾರೆ. ರಾಜಕೀಯ ಮಾತಾಡುವವರೇ ಅಲ್ಲ. ಜಪಾನಿನಲ್ಲಿ ಮತದಾರರು ಅಭ್ಯರ್ಥಿಯ ಹೆಸರನ್ನು ಪೆನ್ಸಿಲ್ಲಿನಲ್ಲಿ ತಾವೇ ಬರೆಯಬೇಕು, ಗುರುತು ಒತ್ತೋದು ಅಂತ ಇಲ್ಲ. ಸೋಮವಾರ ಊಟದ ಹೊತ್ತಿಗೆ ಅವರು ನನ್ನ ಹತ್ತಿರ ಮೆಲ್ಲಗೆ ಹೇಳಿದರು: “ಕೈಗೆ ಅಭ್ಯಾಸ ಇಲ್ಲದ ಹೆಸರು ನೋಡಿ, ಬರೆಯೋಕೆ ಸ್ವಲ್ಪ ಹೊತ್ತು ಹಿಡೀತು.” ಅಷ್ಟೇ. ಮುಂದೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಾಮೆಯಿ ಸುಮಾರು 25 ಸಾವಿರ ಮತಗಳಿಂದ ಗೆದ್ದಿದ್ದರು. ಆಗಸ್ಟ್ 14ಕ್ಕೆ ಕಿಶಿದಾ ಕೂಡ ಸುಗಾ ಅವರ ದಾರಿಯನ್ನೇ ಹಿಡಿದರು.

ಮತದಾನ ಕಡಿಮೆ ಅಂತ ಎದುರಿನವರು ಖಂಡಿತ ಹೇಳುತ್ತಾರೆ. ಬರದವರ ಲೆಕ್ಕ ಹಿಡಿದು ಬಂದವರ ಬಾಯಿ ಮುಚ್ಚಿಸೋದು ಯಾವ ನ್ಯಾಯ? ನಮ್ಮ ಕ್ಷೇತ್ರದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಂದಿದ್ದರು, ನನಗೆ ಅಷ್ಟು ಸಾಕು.

ಪಟ್ಟಿಯಿಂದ ತುಂಬಿ ಅನ್ನೋದು ಕೇಳೋಕೆ ಸುಲಭ. ಕ್ಷೇತ್ರದ ಅಭ್ಯರ್ಥಿಗೆ ಪಟ್ಟಿ ಎಲ್ಲಿದೆ? ಪಕ್ಷದವರು ಆರಿಸಿ ಕೂರಿಸಬೇಕು. ಶಿಮಾನೆಯಲ್ಲಿ ಹಾಗೆ ಮಾಡಿದ್ದರೆ ಎಲ್‌ಡಿಪಿಯ ಸೀಟು ಎಲ್‌ಡಿಪಿಗೇ ಹೋಗುತ್ತಿತ್ತು. ಹಗರಣ ಮಾಡಿದ ಪಕ್ಷವೇ ಖಾಲಿ ಜಾಗವನ್ನೂ ತುಂಬುತ್ತಿತ್ತು. ಕಿಶಿದಾ ಆರಾಮಾಗಿ ಮುಂದುವರಿಯುತ್ತಿದ್ದರು.

ನನ್ನ ದೂರು ಬೇರೆ. ಉಪಚುನಾವಣೆ ತಡ. ಸೆಪ್ಟೆಂಬರ್ 16ಕ್ಕೆ ಖಾಲಿಯಾದ ಸೀಟು ಏಪ್ರಿಲ್ ಕೊನೆಯ ತನಕ ಖಾಲಿ. ಅಬೆ ಶಿಂಜೊ ಹತ್ಯೆ ಆದದ್ದು 2022ರ ಜುಲೈ 8ರಂದು. ಒಂದು ಕ್ಷೇತ್ರದ ಮತಕ್ಕೆ ಇನ್ನೊಂದು ಕ್ಷೇತ್ರದ ಮತಕ್ಕಿಂತ ಹೆಚ್ಚು ತೂಕ ಇದೆ ಅನ್ನುವ ದೂರಿನ ಮೇಲೆ ಕೋರ್ಟಿನಲ್ಲಿ ಕೇಸು ಇತ್ತು ಅಂತ ಅಕ್ಟೋಬರ್‌ನಲ್ಲಿ ಚುನಾವಣೆ ಆಗಲಿಲ್ಲ. 2023ರ ಏಪ್ರಿಲ್ 23ರ ತನಕ ಅಬೆ ಅವರ ಕ್ಷೇತ್ರವಾದ ಶಿಮೊನೊಸೆಕಿಯ ಜನರಿಗೆ ತಮ್ಮ ಕ್ಷೇತ್ರದ ಸಂಸದರೇ ಇರಲಿಲ್ಲ. ತಿದ್ದೋದಾದರೆ ಮೊದಲು ಇದನ್ನು ತಿದ್ದಲಿ.

ವಿರೋಧ: ಯಾರದೋ ಆಸೆಗೆ ನಮ್ಮ ಭಾನುವಾರ

ನನ್ನನ್ನು ವಿರೋಧದ ಕಡೆ ಬರೆಯಿರಿ ಅಂತ ಕೇಳಿದರು, ಆಯ್ತು ಅಂದೆ. ಮತದಾನಕ್ಕೇ ವಿರೋಧ ಅಂದರೆ ಸ್ವಲ್ಪ ಮುಜುಗರವೇ. ಆದರೂ ಹೇಳೋದು ಇಲ್ಲ ಅಂತೇನಿಲ್ಲ.

ಮೇಲಿನವರ ಪ್ರಕಾರ ಮಾತ್ಸುಯೆಯ ಅಜ್ಜ ಅಜ್ಜಿಯರು ಪ್ರಧಾನಿಯ ಜ್ವರ ನೋಡುವ ಥರ್ಮಾಮೀಟರ್. ಜ್ವರ ನೋಡೋಕೆ ಪತ್ರಿಕೆಗಳವರು ತಿಂಗಳು ತಿಂಗಳು ಸಮೀಕ್ಷೆ ಮಾಡುತ್ತಾರಲ್ಲ, ಅದು ಸಾಲದೇ? ಇವಾತೆಯಲ್ಲಿ ತೆರಿಗೆ ಸತ್ತಿತು ಅಂದರು. ಬೇರೆ ಹೆಸರಲ್ಲಿ 1989ರ ಏಪ್ರಿಲ್‌ನಲ್ಲಿ ಬಂತು, ಈಗಲೂ ಕಟ್ಟುತ್ತಿದ್ದೇವೆ.

2023ರ ಒಯಿತಾ ಪ್ರಾಂತ್ಯ ನೋಡಿ. ಆದಾಚಿ ಕಿಯೊಶಿ ಅನ್ನುವ ಮೇಲ್ಮನೆ ಸದಸ್ಯರು ರಾಜ್ಯಪಾಲರ ಚುನಾವಣೆಗೆ ನಿಲ್ಲೋಕೆ ಸೀಟು ಬಿಟ್ಟರು. (ಅಲ್ಲಿ ರಾಜ್ಯಪಾಲರನ್ನು ಜನರೇ ಆರಿಸುತ್ತಾರೆ.) ಸೋತರು. ಅವರು ಬಿಟ್ಟ ಸೀಟಿಗೆ ನಿಲ್ಲೋಕೆ ಯೊಶಿದಾ ತಾದಾತೊಮೊ ಅನ್ನುವವರು ತಮ್ಮ ಪಟ್ಟಿ ಸೀಟು ಬಿಟ್ಟರು. ಅವರೂ ಸೋತರು, 341 ಮತಗಳಿಂದ. ಇಬ್ಬರ ಆಸೆಗೆ ಇಡೀ ಪ್ರಾಂತ್ಯ ಮತಗಟ್ಟೆಗೆ ಹೋಗಿ ಬಂತು. ಯೊಶಿದಾ ಬಿಟ್ಟ ಪಟ್ಟಿ ಸೀಟು ಏನಾಯ್ತು? ಅದೇ ಪಟ್ಟಿಯಲ್ಲಿ ಮುಂದಿದ್ದ ಓತ್ಸುಬಾಕಿ ಯೂಕೊ ಬಂದು ಕೂತರು. ಒಂದು ಮತಪೆಟ್ಟಿಗೆ ಕೂಡ ತೆರೆಯಬೇಕಾಗಲಿಲ್ಲ. ಪ್ರಜಾಪ್ರಭುತ್ವ ಹಾಳಾಯಿತು ಅಂತ ಯಾರಾದರೂ ಬೀದಿಗೆ ಬಂದರಾ? ನಾನು ಕೇಳಲಿಲ್ಲ.

ಅಬೆ ಅವರ ಕ್ಷೇತ್ರದ ಕತೆಯಲ್ಲಿ ಅರ್ಧ ಬಿಟ್ಟುಹೋಗಿದೆ. ಅದು ಇದ್ದ ಯಾಮಾಗುಚಿ ಪ್ರಾಂತ್ಯದ ನಾಲ್ಕು ಕ್ಷೇತ್ರಗಳನ್ನು ಮೂರಕ್ಕೆ ಇಳಿಸೋದು ಆಗಲೇ ತೀರ್ಮಾನ ಆಗಿತ್ತು. ಮುಂದಿನ ಚುನಾವಣೆಗೆ ಇರದ ಕ್ಷೇತ್ರಕ್ಕೆ ಸಂಸದರನ್ನು ಆರಿಸಿದರು. ಅದೇ ದಿನ ಅದೇ ಪ್ರಾಂತ್ಯದ ಎರಡನೇ ಕ್ಷೇತ್ರದಲ್ಲಿ ಅಬೆಯವರ ತಮ್ಮ ಕಿಶಿ ನೊಬುವೊ ಬಿಟ್ಟ ಸೀಟಿಗೆ ಅವರ ಮಗನೇ ನಿಂತು ಗೆದ್ದರು. ಆ ಯುವಕರು ತಮ್ಮ ವೆಬ್‌ಸೈಟಿನಲ್ಲಿ ವಂಶವೃಕ್ಷ ಹಾಕಿಕೊಂಡಿದ್ದರು, ಟೀಕೆ ಬಂದ ಮೇಲೆ ತೆಗೆದರು. ಶಿಮಾನೆಯಲ್ಲಿ ಬದಲಾವಣೆ ತಂದ ಕಾಮೆಯಿ ಅವರೂ ಸಂಸದರ ಮಗಳೇ, ತ್ಸುವಾನೊದ ಹಳೇ ಪಾಳೆಯಗಾರರ ಮನೆತನದವರು. ಯಾಕೋ ಅದನ್ನು ಮೇಲೆ ಬರೆದಿಲ್ಲ.

ಮತದಾನದ ಪ್ರಮಾಣ ಒಂದೇ ಸಾಲಿನಲ್ಲಿ ಹೇಳುತ್ತೇನೆ. 2023ರ ಅಕ್ಟೋಬರ್‌ನಲ್ಲಿ ತೊಕುಶಿಮಾ–ಕೊಚಿಯ ಮೇಲ್ಮನೆ ಸೀಟಿಗೆ ಉಪಚುನಾವಣೆ ಆದಾಗ ತೊಕುಶಿಮಾದಲ್ಲಿ ನಾಲ್ಕರಲ್ಲಿ ಒಬ್ಬರೂ ಬರಲಿಲ್ಲ. ಆ ಸೀಟು ಖಾಲಿಯಾದದ್ದು ಯಾಕೆ ಗೊತ್ತಾ? ಸಂಸದರು ತಮ್ಮ ಕಾರ್ಯದರ್ಶಿಗೆ ಹೊಡೆದಿದ್ದರು.

ಇಷ್ಟು ಕರ್ತವ್ಯ. ಇನ್ನು ನನ್ನ ಸ್ವಂತ ಸಂಕಟ.

ನಾನಿರೋದು ತೋಕಿಯೊದ ಕೊತೊ ವಾರ್ಡಿನಲ್ಲಿ. ಭಾರತೀಯರು ಬೇಕಾದಷ್ಟು ಜನ ಇದ್ದಾರೆ, ಕನ್ನಡ ಮಾತಾಡೋರೂ ಲಿಫ್ಟಿನಲ್ಲಿ ಸಿಗುತ್ತಾರೆ. ಈ ವಾರ್ಡೇ ತೋಕಿಯೊ 15ನೇ ಕ್ಷೇತ್ರ. 2023ರ ಏಪ್ರಿಲ್‌ನಲ್ಲಿ ವಾರ್ಡಿನ ಮೇಯರ್ ಚುನಾವಣೆ ಆಯ್ತು. ಅದರಲ್ಲಿ ನಡೆದ ಅಕ್ರಮಕ್ಕೆ ಮೇಯರ್ ಹೋದರು, ಡಿಸೆಂಬರ್‌ನಲ್ಲಿ ಮತ್ತೆ ಮೇಯರ್ ಚುನಾವಣೆ. ಅದೇ ಪ್ರಕರಣದಲ್ಲಿ ನಮ್ಮ ಸಂಸದ ಕಾಕಿಜಾವಾ ಮಿತೊ ಬಂಧನವಾದರು. ಅವರು ನ್ಯಾಯ ಖಾತೆಯ ಉಪಮಂತ್ರಿ ಆಗಿದ್ದವರು! ಅವರು ಸೀಟು ಬಿಟ್ಟರು, 2024ರ ಏಪ್ರಿಲ್‌ನಲ್ಲಿ ಉಪಚುನಾವಣೆ. ಜುಲೈನಲ್ಲಿ ತೋಕಿಯೊ ರಾಜ್ಯಪಾಲರದ್ದು. ಅಕ್ಟೋಬರ್ 27ಕ್ಕೆ ಸಾರ್ವತ್ರಿಕ ಚುನಾವಣೆ. ಒಂದೂವರೆ ವರ್ಷಕ್ಕೆ ಐದು.

ಪ್ರಚಾರದ ಗಾಡಿ ಬೆಳಿಗ್ಗೆ 8ರಿಂದ ರಾತ್ರಿ 8ರ ತನಕ ಕೂಗಬಹುದು. ನೀತಿ, ಯೋಜನೆ ಏನೂ ಇರೋದಿಲ್ಲ. ಹೆಸರು, ಮತ್ತೆ ಹೆಸರು, ‘ದಯವಿಟ್ಟು ನೆನಪಿಡಿ’, ಮತ್ತೆ ಹೆಸರು. ಕಿಟಕಿಯಿಂದ ಬಿಳಿ ಕೈಗವಸು ಹಾಕಿದ ಕೈಗಳು ಬೀಸುತ್ತಿರುತ್ತವೆ. ನನ್ನ ಕೆಲಸದ ಫೋನೆಲ್ಲ ರಾತ್ರಿ ಹೊತ್ತು, ಅಮೆರಿಕದವರ ಜೊತೆ. ಮಲಗೋದು ಬೆಳಿಗ್ಗೆ. ಆ ಏಪ್ರಿಲ್‌ನಲ್ಲಿ ಒಂಬತ್ತು ಅಭ್ಯರ್ಥಿಗಳು. ಒಂದು ಗಾಡಿ ನಮ್ಮ ಕಟ್ಟಡದ ಕೆಳಗಿನ ಸಿಗ್ನಲ್ಲಿನಲ್ಲಿ ನಿಂತಿತು ಅಂದರೆ ಹನ್ನೆರಡನೇ ಮಹಡಿಯಲ್ಲಿ ಮಗು ಎದ್ದು ಕೂರುತ್ತಿತ್ತು. ಎರಡೂವರೆ ವರ್ಷದ ಮಗಳು ‘ಅಪ್ಪ’ ಅನ್ನೋದಕ್ಕಿಂತ ಚೆನ್ನಾಗಿ ಒಬ್ಬ ಅಭ್ಯರ್ಥಿಯ ಹೆಸರು ಹೇಳೋಕೆ ಶುರು ಮಾಡಿದಳು. ಯಾರದ್ದು ಅಂತ ಹೇಳಲ್ಲ, ಅವರಿಗೆ ಪುಕ್ಕಟೆ ಪ್ರಚಾರ ಆಗುತ್ತದೆ. ಹೆಂಡತಿ ಕೈಮುಗಿದು ಕೆಳಗೆ ಹೋಗಿ ಸ್ವಲ್ಪ ಮುಂದೆ ಹೋಗಿ ಅಂತ ಕೇಳಿದಳು. ಅವರೂ ಅಷ್ಟೇ ವಿನಯದಿಂದ ತಲೆಬಾಗಿ ಕ್ಷಮೆ ಕೇಳಿದರು. ಮೈಕಿನಲ್ಲೇ.

ಅದರ ಜೊತೆಗೆ ಒಂದು ಸಣ್ಣ ಪಕ್ಷದವರು ಬೇರೆ ಅಭ್ಯರ್ಥಿಗಳ ಗಾಡಿಯನ್ನು ಅಟ್ಟಿಸಿಕೊಂಡು ಹೋಗೋದು, ಅವರ ಭಾಷಣದ ಮುಂದೆ ತಮ್ಮ ಮೈಕ್ ಇಟ್ಟು ಅರಚೋದು ಶುರು ಮಾಡಿದರು. ಕಾಮೆಯಿದೊ ನಿಲ್ದಾಣದ ಮುಂದೆ ಫೋನ್ ಬೂತಿನ ಮೇಲೆ ಹತ್ತಿದ್ದೂ ಆಯ್ತು. ಕೊನೆಗೆ ಬೇರೆಯವರು ತಾವು ಎಲ್ಲಿ ಭಾಷಣ ಮಾಡುತ್ತೇವೆ ಅನ್ನೋದನ್ನೇ ಮೊದಲೇ ಹೇಳೋದು ಬಿಟ್ಟರು. ಮೇ ತಿಂಗಳಲ್ಲಿ ಅಭ್ಯರ್ಥಿ ಸೇರಿ ಮೂವರನ್ನು ಪೊಲೀಸರು ಹಿಡಿದರು. ಇದೇ ಕ್ಷೇತ್ರದ ಹಿಂದಿನ ಸಂಸದ, ಕ್ಯಾಸಿನೊ ಲಂಚದ ಕೇಸಿನಲ್ಲಿ ಕೋರ್ಟು ಶಿಕ್ಷೆ ಹಾಕಿದ್ದವರು, ಅವರೂ ಕಣದಲ್ಲಿದ್ದರು. ಇಷ್ಟಾಗಿ ಬಂದು ಮತ ಹಾಕಿದ್ದು ನೂರಕ್ಕೆ 41 ಜನ. ಗೆದ್ದ ಸಾಕಾಯಿ ನಾತ್ಸುಮಿ ಆರು ತಿಂಗಳಿಗೆ ಮತ್ತೆ ಮತ ಕೇಳಿಕೊಂಡು ಬಂದರು, ಅದೇ ಸಿಗ್ನಲ್ಲಿಗೆ.

ಸಂಸದರು ಸತ್ತರೆ ಚುನಾವಣೆ ಮಾಡಲಿ, ಅದಕ್ಕೆ ನಾನೂ ಏನೂ ಅನ್ನಲ್ಲ. ಆದರೆ ಜಪಾನಿನಲ್ಲಿ ಪಕ್ಷಗಳಿಗೆ ಸರ್ಕಾರವೇ ಪ್ರತಿ ವರ್ಷ ಅನುದಾನ ಕೊಡುತ್ತದೆ. ಹಗರಣದಿಂದಲೋ, ಬೇರೆ ಕುರ್ಚಿಯ ಆಸೆಯಿಂದಲೋ ಖಾಲಿಯಾದ ಸೀಟಾದರೆ ಆ ಉಪಚುನಾವಣೆಯ ಖರ್ಚನ್ನು ಆ ಪಕ್ಷದ ಅನುದಾನದಲ್ಲಿ ಹಿಡಿದುಕೊಳ್ಳಲಿ. ಅದೊಂದು ಕಾನೂನು ಬಂದರೆ ನಾನು ಪರದ ಕಡೆಗೇ ಬರೆಯೋಕೆ ತಯಾರು.